ಹಸುಳೆಗಳ ಹಬ್ಬವೂ ಶಾಪದ ಕೀರ್ತನೆಯೂ
(ಡಿಸೆಂಬರ್ 28, ಪವಿತ್ರ ಹಸುಳೆಗಳ ಹಬ್ಬದ ಪ್ರಬೋಧನೆ)



ಹೆರೋದನು ಬೆತ್ಲೆಹೇಮಿನಲ್ಲಿ ಎರಡು ವರ್ಷದೊಳಗಿನ ಗಂಡುಮಕ್ಕಳನ್ನು ಕೊಲ್ಲಿಸಿದ ವೃತ್ತಾಂತವನ್ನು ಇಂದಿನ ಶುಭಸಂದೇಶದಲ್ಲಿ ಕೇಳಿದೆವು. ನಮ್ಮ ಕರುಳು ಚುರುಕ್ಕೆಂದಿತು. ಆದರೆ ಇದೇ ಬೈಬಲಿನಲ್ಲಿ, 137ನೇ ಕೀರ್ತನೆಯ ಕೊನೆಗೆ, ಬಾಬಿಲೋನಿನ ಹಸುಳೆಗಳನ್ನು ಬಂಡೆಗೆ ಅಪ್ಪಳಿಸುವವನು ಧನ್ಯನೆಂದು ಹಾಡಲಾಗಿದೆ. ಹೆರೋದನದು ಪಾಪವಾದರೆ ಇದು ಪ್ರಾರ್ಥನೆ ಹೇಗಾದೀತು? ಹಾಗೆ ಕೇಳುವುದರಿಂದ ನಮ್ಮ ವಿಶ್ವಾಸಕ್ಕೆ ಕುಂದಿಲ್ಲ.

ಇದನ್ನು ಹಾಡಿದವರು ಯಾರು? ಕ್ರಿ.ಪೂ. 587ರ ಸುಮಾರಿಗೆ ಬಾಬಿಲೋನಿನ ಸೈನ್ಯ ಜೆರುಸಲೇಮನ್ನು ಹಾಳುಗೆಡವಿತು. ಹಸಿದ ಕೂಸುಗಳು ತಾಯಂದಿರ ಮಡಿಲಲ್ಲೇ ಪ್ರಾಣ ಬಿಟ್ಟವೆಂದು ಪ್ರಲಾಪಗಳ ಗ್ರಂಥ ಹೇಳುತ್ತದೆ. ಅರಸ ಚಿದ್ಕೀಯನ ಕಣ್ಣೆದುರೇ ಅವನ ಮಕ್ಕಳನ್ನು ಕೊಂದು, ಆಮೇಲೆ ಅವನ ಕಣ್ಣುಗಳನ್ನೇ ಕಿತ್ತರು. ಸೆರೆಹೋದವರ ಈ ಮಾತು ದೇವರ ಆಜ್ಞೆಯಲ್ಲ. ದೇವರ ಮುಂದೆ ಸುರಿದ ಮನುಷ್ಯನ ಸಂಕಟ. ಅವರು ಕತ್ತಿ ಹಿಡಿಯಲಿಲ್ಲ, ಸರ್ವೇಶ್ವರನನ್ನು ಕರೆದರು.

ಹಳೆಯ ಒಡಂಬಡಿಕೆಯ ಗ್ರಂಥಗಳಲ್ಲಿ ಅಪೂರ್ಣವೂ ತಾತ್ಕಾಲಿಕವೂ ಆದ ಸಂಗತಿಗಳಿವೆಯೆಂದು ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲೇ ಒಪ್ಪಿಕೊಂಡಿತು. ದೇವರು ತಮ್ಮ ಜನರನ್ನು ಹಂತಹಂತವಾಗಿ ನಡೆಸಿದರು. ಯಾಜಕರೂ ಧರ್ಮಭಗಿನಿಯರೂ ದಿನವೂ ಬಳಸುವ ಪ್ರಾರ್ಥನಾ ಗ್ರಂಥ 1971ರಲ್ಲಿ ಪರಿಷ್ಕೃತವಾದಾಗ ಈ ವಾಕ್ಯವನ್ನು ಕೈಬಿಡಲಾಯಿತು. ಬೈಬಲಿನಿಂದ ಮಾತ್ರ ತೆಗೆಯಲಿಲ್ಲ. ಇಂಥ ಕತ್ತಲೆಯ ಭಾಗಗಳನ್ನು ಬದಿಗಿಡಬಾರದು, ಕ್ರಿಸ್ತರ ಬೆಳಕಿನಲ್ಲಿ ಓದಬೇಕೆಂದು ಜಗದ್ಗುರು ಹದಿನಾರನೇ ಬೆನೆಡಿಕ್ಟರು 2010ರಲ್ಲಿ ತಿಳಿಸಿದರು.

ಒರಿಜೆನರಂಥ ಪ್ರಾಚೀನ ಗುರುಗಳು ಆ ಹಸುಳೆಗಳೆಂದರೆ ಮನದಲ್ಲಿ ಆಗತಾನೇ ಹುಟ್ಟುವ ಕೆಟ್ಟ ಯೋಚನೆಗಳೆಂದರು. ಆತ್ಮಕ್ಕೆ ಹಿತವಾದ ಅರ್ಥವೇ ಸರಿ. ಆದರೆ ಸೆರೆಯವರು ನೆನೆದದ್ದು ನಿಜವಾದ ಮಕ್ಕಳನ್ನೇ ಎಂಬುದನ್ನು ಮರೆಯದಿರೋಣ.

ಈ ಕೂಗಿಗೆ ಉತ್ತರ ಗೋದಲಿಯಲ್ಲಿದೆ. ದೇವರೇ ಕೂಸಾಗಿ ಬಂದರು, ಹೆರೋದನ ಕತ್ತಿಗೆ ಹೆದರಿ ಓಡಬೇಕಾದ ಕೂಸಾಗಿ. ಆ ಕೂಸೇ ದೊಡ್ಡದಾಗಿ, ಶಿಲುಬೆಯ ಮೇಲಿಂದ, ಕೊಲ್ಲುವವರಿಗಾಗಿ ಕ್ಷಮೆ ಬೇಡಿತು. ಅಂದಿನಿಂದ ವೈರಿಯ ಮಗುವೂ ನಮಗೆ ಮಗುವೇ.

ಗದ್ದೆಯ ಬದುವಿಗಾಗಿ, ಆಸ್ತಿಯ ಪಾಲಿಗಾಗಿ ಜಗಳವಾದಾಗ "ಅವರ ಮಕ್ಕಳು ಉದ್ಧಾರವಾಗಬಾರದು" ಎಂದು ಹಿಡಿಶಾಪ ಹಾಕುವ ನಾಲಿಗೆ ನಮ್ಮ ಮನೆಗಳಲ್ಲೂ ಇದೆ. ಆ ಕೋಪವನ್ನು ದೇವರಿಂದ ಮುಚ್ಚಿಡುವುದು ಬೇಡ. ಪೀಠದ ಮುಂದೆ ತಂದಿಡೋಣ. ಆದರೆ ಅದೇ ಕೋಪವನ್ನು ಹೊತ್ತು ಮನೆಗೆ ಮರಳದಿರೋಣ. ಇಂದಿನ ಬಲಿಪೂಜೆಯಲ್ಲಿ, ನಾವು ಮಾತು ಬಿಟ್ಟ ಮನೆಯ ಮಕ್ಕಳ ಹೆಸರು ಹಿಡಿದು ಪ್ರಾರ್ಥಿಸೋಣ. ಬೆತ್ಲೆಹೇಮಿನ ಪವಿತ್ರ ಹಸುಳೆಗಳು ನಮಗಾಗಿ ಬಿನ್ನವಿಸಲಿ. ಆಮೆನ್.