ಕಂಡಿ ಕಿರಿದಾದಷ್ಟೂ

ವೇದಿಕೆಯ ದೀಪಗಳನ್ನು ಆರಿಸಿ, ತಂತಿ ಉರಿಯುವ ಹಳೆಯ ಬಲ್ಬೊಂದನ್ನಷ್ಟೇ ಉಳಿಸಿಕೊಂಡಿದ್ದೇನೆ. ಎರಡು ಬೆರಳುಗಳನ್ನು ಕಣ್ಣಿನ ಹತ್ತಿರ ತಂದು, ನಡುವೆ ಕೂದಲೆಳೆಯಷ್ಟು ಸಂದು ಬಿಟ್ಟು ಅದರತ್ತ ನೋಡಿ. ಸಂದಿನಲ್ಲಿ ಸಣ್ಣ ಕಪ್ಪು ಗೆರೆಗಳು ಕಾಣುತ್ತವಲ್ಲ? ಇವತ್ತಿನ ಮಾತೆಲ್ಲ ಆ ಗೆರೆಗಳದ್ದು.

ಇಟಲಿಯ ಬೊಲೋನ್ಯಾದಲ್ಲಿ ಫ್ರಾಂಚೆಸ್ಕೊ ಗ್ರಿಮಾಲ್ಡಿ ಎಂಬ ಪಾದ್ರಿ ಕತ್ತಲ ಕೋಣೆಗೆ ಸಣ್ಣ ರಂಧ್ರದಿಂದ ಬಿಸಿಲು ಬಿಟ್ಟು ನೆರಳುಗಳನ್ನು ಅಳೆದ. ನೆರಳು ಲೆಕ್ಕಕ್ಕಿಂತ ಅಗಲವಾಗಿತ್ತು, ಅಂಚಿನಲ್ಲಿ ಬಣ್ಣದ ಪಟ್ಟಿಗಳಿದ್ದವು. ಅಂಚು ದಾಟುವಾಗ ಬೆಳಕು ಹೀಗೆ ಬಾಗಿ ಹರಡುವುದಕ್ಕೆ, ಅಂದರೆ ನಾವು ವಿವರ್ತನೆ ಎನ್ನುವುದಕ್ಕೆ, ಲ್ಯಾಟಿನ್‌ನಲ್ಲಿ ಹೆಸರಿಟ್ಟವನು ಅವನೇ. ಅವನ ಪುಸ್ತಕ ಅಚ್ಚಾದದ್ದು 1665ರಲ್ಲಿ, ಅವನು ತೀರಿಕೊಂಡ ಎರಡು ವರ್ಷಕ್ಕೆ.

ಈಗ ಬೆರಳುಗಳ ಸಂದಿನ ಬದಲು ಒಂದು ಕಂಡಿ ಇಟ್ಟುಕೊಳ್ಳೋಣ. ಅದರ ಅಗಲ 0.1 ಮಿಲಿಮೀಟರ್, ತೆರೆ 1 ಮೀಟರ್ ದೂರ ಎಂದುಕೊಳ್ಳಿ. ಬೆಳಕು ನೇರ ಹೋಗುವುದಾದರೆ ತೆರೆಯ ಮೇಲೆ ದಾರದಂಥ ಗೆರೆ ಬೀಳಬೇಕಿತ್ತು. ಬೀಳುವುದು ಸುಮಾರು 1 ಸೆಂಟಿಮೀಟರ್ ಅಗಲದ ಪಟ್ಟಿ! ಕಂಡಿಯನ್ನು ಅರ್ಧಕ್ಕಿಳಿಸಿ, ಪಟ್ಟಿ ಇಮ್ಮಡಿಯಾಗುತ್ತದೆ. ಇರುಕಿದಷ್ಟೂ ಹರಡುವ ಈ ಗುಣ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ.

ಕಾರಣ ಅಲೆ. ಕಂಡಿಯ ಒಂದೊಂದು ಬಿಂದುವಿನಿಂದಲೂ ಅಲೆ ಹೊರಡುತ್ತದೆ. ಓರೆಯಾದ ಒಂದು ದಿಕ್ಕಿನಲ್ಲಿ ಎರಡು ಅಂಚುಗಳ ಅಲೆಗಳಿಗೆ ದಾರಿಯಲ್ಲಿ ಸರಿಯಾಗಿ ಒಂದು ತರಂಗದೂರದಷ್ಟು, ಅಂದರೆ ಅಲೆಯ ಒಂದು ಏರಿನಿಂದ ಮುಂದಿನ ಏರಿನವರೆಗಿನ ದೂರದಷ್ಟು, ವ್ಯತ್ಯಾಸ ಬೀಳುತ್ತದೆ. ಆಗ ಕಂಡಿಯ ಒಂದು ಅರ್ಧದಿಂದ ಬಂದ ಏರನ್ನು ಇನ್ನೊಂದು ಅರ್ಧದ ಇಳಿತ ನುಂಗುತ್ತದೆ, ಅಲ್ಲಿ ಕತ್ತಲು. ನೇರಳೆಗೆ, ಅಂದರೆ 400 ನ್ಯಾನೋಮೀಟರಿನ ಅಲೆಗೆ, ಆ ಕತ್ತಲು ನಡುವಿನಿಂದ 4 ಮಿಲಿಮೀಟರ್ ದೂರದಲ್ಲಿ. 700 ನ್ಯಾನೋಮೀಟರಿನ ಕೆಂಪಿಗೆ 7 ಮಿಲಿಮೀಟರ್ ದೂರದಲ್ಲಿ. ಬಿಳಿ ಬೆಳಕಿನಲ್ಲಿ ಎಲ್ಲ ಬಣ್ಣಗಳೂ ಇವೆಯಲ್ಲ, ಆದ್ದರಿಂದ ಪಟ್ಟಿಯ ನಡು ಬೆಳ್ಳಗಿರುತ್ತದೆ. ಅಂಚಿಗೆ ಹೋದಂತೆ ನೇರಳೆ, ನೀಲಿ ಮೊದಲು ಮುಗಿದು ಹಳದಿ, ಕೆಂಪು ಉಳಿಯುತ್ತವೆ. ಗಾಜಿನ ಪಟ್ಟಕದಲ್ಲಿ ಹೆಚ್ಚು ಬಾಗುವುದು ನೇರಳೆ, ಕಂಡಿಯಲ್ಲಿ ಕೆಂಪು. ಶಾಲೆಯಲ್ಲಿ ಪಟ್ಟಕವನ್ನಷ್ಟೇ ತೋರಿಸಿ ಬಿಡುತ್ತೇವೆ. ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಬೇಕು ಎಂಬುದು ನನ್ನ ಬಹಳ ದಿನದ ಆಸೆ.

ಕಂಡಿಯ ಮೇಲೆ ಬೆಳಕು ತೀರ ಓರೆಯಾಗಿ ಬಿದ್ದರೆ ಎರಡು ಬದಿಯ ಪಟ್ಟಿಗಳು ಸಮನಾಗಿರುವುದಿಲ್ಲ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಒಬ್ಬ ವಿದ್ಯಾರ್ಥಿ ಇದನ್ನು ಗಮನಿಸಿ ಬರೆದ ಲೇಖನ 1906ರಲ್ಲಿ ಲಂಡನ್ನಿನ ಫಿಲಾಸಫಿಕಲ್ ಮ್ಯಾಗಜೀನ್‌ನಲ್ಲಿ ಬಂತು. ಮುಂದೆ ಬೆಂಗಳೂರಿನಲ್ಲಿ ನೆಲೆಸಿದ ಸಿ.ವಿ. ರಾಮನ್ ಅವರ ಮೊದಲ ಲೇಖನ ಅದು.

ಹೊರಗಿನ ಮೇಜಿನ ಮೇಲೆ ಬ್ಲೇಡುಗಳ ಅಂಚು ಜೋಡಿಸಿ ಮಾಡಿದ ಕಂಡಿಗಳಿವೆ, ಕೆಂಪು, ನೀಲಿ ಬಣ್ಣದ ಪಾರದರ್ಶಕ ಹಾಳೆಗಳಿವೆ. ಒಂದೊಂದು ಹಾಳೆಯನ್ನೇ ಬಲ್ಬಿಗೆ ಅಡ್ಡ ಹಿಡಿದು ಕಂಡಿಯ ಮೂಲಕ ನೋಡಿ. ಕೆಂಪಿನಲ್ಲಿ ಗೆರೆಗಳು ದೂರ ದೂರ, ನೀಲಿಯಲ್ಲಿ ಒತ್ತೊತ್ತಾಗಿ.