ಹೈಬ್ರಿಡ್ ಬೀಜ ಬಂಜೆಯೇ?

ಬೈಲಹೊಂಗಲದಲ್ಲಿ ನಿಂತು ಡಿಎನ್‌ಎ ಬಗ್ಗೆ ಮಾತಾಡುವವನಿಗೆ ಹತ್ತಿ ಬಿಟ್ಟು ಬೇರೆ ಉದಾಹರಣೆ ಬೇಕಿಲ್ಲ. ಮೆಂಡೆಲ್‌ನ ಬಟಾಣಿ ಪಠ್ಯಪುಸ್ತಕದಲ್ಲಿದೆ, ಅಲ್ಲೇ ಇರಲಿ. ನನ್ನ ತಕರಾರು ಒಂದೇ ಮಾತಿನ ಮೇಲೆ: ‘ಹೈಬ್ರಿಡ್ ಬೀಜ ಬಂಜಿ, ಮುಂದಿನ ವರ್ಷ ಹುಟ್ಟೂದಿಲ್ಲ.’ ಸವದತ್ತಿ, ರಾಮದುರ್ಗದ ಎರೆ ಹೊಲಗಳಲ್ಲೂ ಇದನ್ನೇ ಕೇಳಿದ್ದೇನೆ. ಇದು ತಪ್ಪು.

1972ರಲ್ಲಿ ಧಾರವಾಡದಲ್ಲಿ ಡಾ. ಬಿ. ಎಚ್. ಕಟರಕಿಯವರು ವರಲಕ್ಷ್ಮಿ ಎಂಬ ಹೈಬ್ರಿಡ್ ಹತ್ತಿಯನ್ನು ಕೊಟ್ಟರು. ತಾಯಿ ಲಕ್ಷ್ಮಿ ತಳಿ, ತಂದೆ ಉದ್ದೆಳೆಯ ಬಾರ್ಬಡೆನ್ಸ್ ಹತ್ತಿ. ಸಂಜೆ ತಾಯಿಗಿಡದ ಮೊಗ್ಗಿನ ಕೇಸರ ಕಿತ್ತು, ಮರುದಿನ ಮುಂಜಾನೆ ಅದಕ್ಕೆ ತಂದೆಗಿಡದ ಹೂವಿನ ಪರಾಗ ಸವರಬೇಕು. ಒಂದೊಂದು ಹೂವಿಗೂ ಕೈಯಿಂದಲೇ ಕ್ರಾಸಿಂಗ್.

ನಮಗೆ ಜೀವಶಾಸ್ತ್ರ ಕಲಿಸಿದ ಸರ್ ಮುಂದೆ ಯಾರಾದರೂ ‘ನೂಲಿನಂತೆ ಸೀರೆ, ತಾಯಿಯಂತೆ ಮಗಳು’ ಅಂದರೆ ಸಾಕು, ‘ಹಂಗಾದ್ರ ಅಪ್ಪನ ಪಾಲು ಎಲ್ಲಿ ಹೋತು?’ ಎಂದು ಕೇಳುತ್ತಿದ್ದರು. ಆ ಪಾಲಿನ ಲೆಕ್ಕವೇ ಆನುವಂಶಿಕತೆ. ವರಲಕ್ಷ್ಮಿಯ ಜೀವಕೋಶದಲ್ಲಿ 52 ವರ್ಣತಂತುಗಳು. 26 ತಾಯಿಯವು, 26 ತಂದೆಯವು. ವರ್ಣತಂತು ಎಂದರೆ ಸುತ್ತಿಟ್ಟ ಡಿಎನ್‌ಎ ಎಳೆ, ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳ ಬರಹ. ಒಂದೊಂದು ಕೆಲಸಕ್ಕೆ ಅಪ್ಪಣೆ ಇರುವ ಅದರ ತುಣುಕೇ ಜೀನ್.

ಮೊದಲ ವರ್ಷ ಎಲ್ಲ ಗಿಡಗಳದೂ ಅದೇ ತಾಯಿ, ಅದೇ ತಂದೆ. ಹೊಲ ಒಂದೇ ಸಮ. ಆದರೆ ಆ ಗಿಡ ಹೂ ಬಿಟ್ಟಾಗ ಪ್ರತಿ ಜೋಡಿಯಿಂದ ಒಂದೇ ವರ್ಣತಂತು ಪರಾಗಕ್ಕೆ ಹೋಗುತ್ತದೆ. ಅದು ಅಜ್ಜಿಯದೋ ಅಜ್ಜನದೋ, ಹೇಳಲಾಗದು. 26 ಜೋಡಿ ಎಂದರೆ 6 ಕೋಟಿ 71 ಲಕ್ಷಕ್ಕೂ ಮೀರಿದ ಬಗೆಗಳು! ಹಾಗಾಗಿ ಕಟ್ಟಿಟ್ಟ ಬೀಜ ಹುಟ್ಟುತ್ತದೆ, ಆದರೆ ಗಿಡದ ಎತ್ತರ, ಕಾಯಿ, ಎಳೆ ಎಲ್ಲ ಚೆದುರುತ್ತವೆ. ನಿಜವಾಗಿ ಬಂಜೆಯಾಗುವುದು ಬೇರೆಯೇ ಕೂಟ: 26 ವರ್ಣತಂತುಗಳ ನಮ್ಮ ಜವಾರಿ ಹತ್ತಿ ಜಯಧರವನ್ನೂ 52ರ ಲಕ್ಷ್ಮಿಯನ್ನೂ ಕೂಡಿಸಿದರೆ ಸಂತತಿಗೆ 39, ಅವುಗಳಿಗೆ ಸರಿಯಾಗಿ ಜೋಡಿ ಕೂಡುವುದಿಲ್ಲ.

1998ರಲ್ಲಿ ರಾಯಚೂರು ಜಿಲ್ಲೆಯಲ್ಲಿ ರೈತಸಂಘದವರು ಬಿಟಿ ಹತ್ತಿಯ ಪ್ರಯೋಗದ ಬೆಳೆ ಸುಟ್ಟಾಗ ‘ಬೀಜವನ್ನೇ ಬಂಜೆ ಮಾಡುವ ಜೀನ್’ ಎಂಬ ಭಯ ಹಬ್ಬಿತ್ತು. ಆ ಗಿಡಗಳಲ್ಲಿ ಅಂಥ ಜೀನ್ ಇರಲಿಲ್ಲ. ಬೀಜ ಯಾರ ಕೈಯಲ್ಲಿರಬೇಕು ಎಂಬ ಅವರ ಪ್ರಶ್ನೆ ಮಾತ್ರ ಗಟ್ಟಿಯಾದದ್ದು.

ಅಲ್ಲೇ ನಾನೂ ಸಿಕ್ಕಿಕೊಂಡಿದ್ದೇನೆ. ಜಯಧರ ಹೆಚ್ಚಾಗಿ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ, ಬೀಜ ಮನೆಯಲ್ಲೇ ಉಳಿಯುತ್ತದೆ, ಇಳುವರಿ ಕಡಿಮೆ. ಹೈಬ್ರಿಡ್ ಹೆಚ್ಚು ಕೊಡುತ್ತದೆ, ವರ್ಷವರ್ಷವೂ ಅಂಗಡಿಗೆ ಕರೆಯುತ್ತದೆ. ಕಿತ್ತೂರು ಸೀಮೆಯ ಸಾಲಗಾರ ರೈತನಿಗೆ ‘ಇಳುವರಿ ಬಿಡು’ ಎಂದು ಯಾವ ಬಾಯಿಂದ ಹೇಳಲಿ? ಹೇಳದಿದ್ದರೆ ಜಯಧರದ ಬೀಜವನ್ನು ಯಾರು ಕಾಯುತ್ತಾರೆ?