ಪಹಣಿ ಓದಲು ಬಾರದ ದಲ್ಲಾಳಿ

(ಸಂಸ್ಥೆಯ ಪ್ರತಿಭಾ ಪುರಸ್ಕಾರ ಸಮಾರಂಭದ ವೃತ್ತಿ ಮಾರ್ಗದರ್ಶನ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನನಗಿಂತ ಮುಂಚೆ ಮಾತನಾಡಿದ ಮಹನೀಯರು ವೈದ್ಯಕೀಯ, ಎಂಜಿನಿಯರಿಂಗ್ ಮತ್ತು ಕೆಎಎಸ್ ಪರೀಕ್ಷೆಗಳ ಬಗ್ಗೆ ಸವಿಸ್ತಾರವಾಗಿ ತಿಳಿಸಿದ್ದಾರೆ. ನಾನು ಆರಿಸಿಕೊಂಡಿರುವುದು ರಿಯಲ್ ಎಸ್ಟೇಟ್ ವೃತ್ತಿ. ಉರ್ದು, ಕನ್ನಡ ಪಾಠ ಹೇಳುವ ಮೇಷ್ಟ್ರಿಗೆ ಇದರ ಉಸಾಬರಿ ಏಕೆ ಎಂದು ತಾವು ಕೇಳಬಹುದು. ನಮ್ಮ ಶಾಲೆಯಲ್ಲಿ ಓದಿ ಡಾಕ್ಟರಾದವರನ್ನು ನಾನು ಬೆರಳಿನಲ್ಲಿ ಎಣಿಸಬಲ್ಲೆ. ಆದರೆ ಬೈಕಿನಲ್ಲಿ ಓಡಾಡುತ್ತ ಸೈಟು, ಮನೆ ತೋರಿಸುವ ಹುಡುಗರನ್ನು ಎಣಿಸಲು ಹೋದರೆ ಹಾಜರಿ ಪುಸ್ತಕವೇ ಬೇಕಾಗುತ್ತದೆ. ಯಾರೂ ಕಲಿಸದೆ, ಯಾರೂ ಕಳಿಸದೆ ಅವರು ಈ ಕೆಲಸಕ್ಕೆ ಹೋಗುತ್ತಿದ್ದಾರೆ. ಹೋಗುವವರಿಗೆ ಏನು ಗೊತ್ತಿರಬೇಕು ಎಂಬುದನ್ನು ಒಮ್ಮೆಯಾದರೂ ಇಂಥ ವೇದಿಕೆಯಲ್ಲಿ ಹೇಳಬೇಕಲ್ಲವೆ?

ಮೊದಲು ನಮ್ಮ ಮನೆಯ ಕಥೆ. ಇದನ್ನು ಹೇಳಲು ಅಬ್ಬಾನ ಅನುಮತಿ ಪಡೆದೇ ಬಂದಿದ್ದೇನೆ.

ನನ್ನ ತಂದೆ ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ದುಡಿದವರು. 1999ರಲ್ಲಿ, ನನಗೆ ಹತ್ತು ವರ್ಷವಾಗಿದ್ದಾಗ, ಊರಾಚೆ 20x30 ಅಳತೆಯ ಸೈಟೊಂದನ್ನು 36 ಸಾವಿರ ರೂಪಾಯಿಗೆ ಮಾತನಾಡಿದರು. ತಿಂಗಳಿಗೆ ಒಂದು ಸಾವಿರದಂತೆ ಮೂರು ವರ್ಷ ಕಟ್ಟಿದರು. ಕೊಡಿಸಿದವರು ನಮ್ಮ ಮೊಹಲ್ಲಾದ ಹಿರಿಯರು, ಎಲ್ಲರಿಗೂ ಚಾಚಾ. ಕೊನೆಗೆ ಕೈಗೆ ಬಂದದ್ದು ಛಾಪಾ ಕಾಗದದ ಮೇಲಿನ ಒಂದು ಕರಾರು, ಒಂದು ಜಿಪಿಎ ಮತ್ತು ಕೈಬರಹದ ಪಹಣಿಯ ನಕಲು. ಅಮ್ಮಿ ಅವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅಕ್ಕಿ ಡಬ್ಬಿಯ ಹಿಂದೆ ಇಟ್ಟರು. ಹಬ್ಬದ ದಿನ ನಾವೆಲ್ಲ ಹೋಗಿ ನಾಲ್ಕು ಕಲ್ಲುಗಳ ನಡುವೆ ನಿಂತು ಬರುತ್ತಿದ್ದೆವು.

ನಾನು ಪಿಯುಸಿ ಓದುವಾಗ, 2006ರಲ್ಲಿ, ಆ ಜಾಗದಲ್ಲಿ ಬೇಲಿ ಬಿತ್ತು. ಜಮೀನನ್ನು ಮೂಲ ಮಂಜೂರುದಾರರ ಮಕ್ಕಳಿಗೆ ಮರಳಿಸುವಂತೆ ಉಪವಿಭಾಗಾಧಿಕಾರಿಗಳ ಆದೇಶವಾಗಿತ್ತು. ಆ ದಿನ ಮೊದಲ ಬಾರಿಗೆ ನಾನು ಪಹಣಿಯ ನಕಲನ್ನು ಬಿಡಿಸಿ ಓದಿದೆ. ಒಂದು ಮೂಲೆಯಲ್ಲಿ, ಗ್ರಾಮ ಲೆಕ್ಕಿಗರ ಸಣ್ಣ ಅಕ್ಷರದಲ್ಲಿ, 'ದರಖಾಸ್ತು ಮಂಜೂರು, ಪರಭಾರೆ ಮಾಡಕೂಡದು' ಎಂದಿತ್ತು. 'ಪರಭಾರೆ' ಎಂದರೇನೆಂದು ನನಗೂ ತಿಳಿಯಲಿಲ್ಲ. ಮರುದಿನ ಕಾಲೇಜಿನಲ್ಲಿ ಕನ್ನಡ ಉಪನ್ಯಾಸಕರನ್ನು ಕೇಳಿದೆ. "ಮಾರಾಟ, ದಾನ, ಅಡಮಾನ ಹೀಗೆ ಯಾವ ರೀತಿಯಿಂದಲೂ ಇನ್ನೊಬ್ಬರಿಗೆ ವಹಿಸುವುದು" ಎಂದರು. ಅಂದರೆ ಮಾರಬಾರದು ಎಂದು ಆ ಕಾಗದವೇ ವರ್ಷಗಳಿಂದ ನಮ್ಮ ಮನೆಯಲ್ಲಿ ಕೂತು ಹೇಳುತ್ತಿತ್ತು.

ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಕೊಟ್ಟ ಜಮೀನು ಅವರ ಕೈತಪ್ಪಬಾರದೆಂದು ಕರ್ನಾಟಕದಲ್ಲಿ 1978ರಲ್ಲಿ ಕಾನೂನಾಗಿದೆ. ಅದರ ಹೆಸರಿನಲ್ಲಿಯೇ 'ಪರಭಾರೆ ನಿಷೇಧ' ಎಂಬ ಮಾತಿದೆ. ಸರ್ಕಾರದ ಪೂರ್ವಾನುಮತಿ ಇಲ್ಲದೆ ಅಂಥ ಜಮೀನನ್ನು ಕೊಂಡರೆ ಆ ಕ್ರಯ ಶೂನ್ಯ. ಬಹಳ ವರ್ಷ ಕಳೆದಿವೆ ಎಂಬ ನೆಪವೂ ನಡೆಯಬಾರದೆಂದು 2023ರಲ್ಲಿ ತಿದ್ದುಪಡಿ ತಂದು, ಭೂಮಿ ವಾಪಸು ಕೇಳಲು ಕಾಲಮಿತಿ ಇಲ್ಲವೆಂದು ಸ್ಪಷ್ಟಪಡಿಸಲಾಗಿದೆ. ಆ ಕುಟುಂಬದ ಮೇಲೆ ನಮಗೆ ಸಿಟ್ಟಿಲ್ಲ. ನಮ್ಮಂಥ ಬಡವರ ಭೂಮಿಯೇ ಅದು. ಅವರಿಗೆ ಸಿಕ್ಕಿದ್ದು ನ್ಯಾಯ. ನಮಗೆ ಹೋದದ್ದು 36 ಸಾವಿರ.

ಚಾಚಾ ಮೋಸಗಾರರೇ? ಬಹಳ ದಿನ ಹಾಗೆಯೇ ಅಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಅದೇ ಸರ್ವೆ ನಂಬರಿನಲ್ಲಿ ತಮ್ಮ ಸ್ವಂತ ಅಳಿಯನಿಗೂ ಒಂದು ಸೈಟು ಕೊಡಿಸಿದ್ದರು. ಅವರು ಉರ್ದುವಿನಲ್ಲಿ ಓದಿದವರು. ಕನ್ನಡವನ್ನು ಅರಳು ಹುರಿದಂತೆ ಮಾತನಾಡುತ್ತಿದ್ದರು, ಓದಲು ಬರುತ್ತಿರಲಿಲ್ಲ. ಇಪ್ಪತ್ತು ವರ್ಷ ದಲ್ಲಾಳಿ ಕೆಲಸ ಮಾಡಿದರೂ ತಾವು ಕೈಯಲ್ಲಿ ಹಿಡಿದು ತಿರುಗುತ್ತಿದ್ದ ಕಾಗದದಲ್ಲಿ ಏನಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ಅಬ್ಬಾನ ಮುಂದೆ ಕುಳಿತು ಅವರು ಅತ್ತದ್ದು ನನಗೆ ನೆನಪಿದೆ.

ವಿದ್ಯಾರ್ಥಿಗಳೇ, 'ದಲ್ಲಾಲ್' ಅರಬಿ ಪದ. 'ದಲೀಲ್' ಎಂಬ ಪದವೂ ಅದೇ ಧಾತುವಿನಿಂದ ಬಂದಿದೆ. ದಲೀಲ್ ಎಂದರೆ ಪುರಾವೆ. ದಲ್ಲಾಲ್ ಎಂದರೆ ತೋರಿಸುವವನು. ಇಂದು ನಮ್ಮಲ್ಲಿ 'ದಲ್ಲಾಳಿ' ಬೈಗುಳವಾಗಿದೆ, ಅದಕ್ಕೇ ಹುಡುಗರು ವಿಸಿಟಿಂಗ್ ಕಾರ್ಡಿನಲ್ಲಿ 'ಕನ್ಸಲ್ಟೆಂಟ್' ಎಂದು ಹಾಕಿಸುತ್ತಾರೆ. ಹಾಕಿಸಲಿ, ತಪ್ಪಿಲ್ಲ. ಪುರಾವೆ ತೋರಿಸಲು ಬಂದರೆ ಸಾಕು.

ಇನ್ನೊಂದು ಸ್ವಾರಸ್ಯ ನೋಡಿ. ಜಮೀನು, ಹಿಸ್ಸಾ, ಕಬ್ಜಾ, ದಸ್ತಾವೇಜು, ವಾರಸುದಾರ, ಹಕ್ಕು, ತಕರಾರು, ನಕಲು, ಮಂಜೂರು, ದರಖಾಸ್ತು ಇವೆಲ್ಲ ಅರಬಿ, ಫಾರಸಿ ಮೂಲದಿಂದ ಕಚೇರಿಗಳ ಮೂಲಕ ಕನ್ನಡಕ್ಕೆ ಬಂದ ಪದಗಳು. ಉರ್ದು ಬಲ್ಲ ಮಗುವಿಗೆ ಇವುಗಳ ಅರ್ಧ ಅರ್ಥ ಮೊದಲೇ ಗೊತ್ತು. ಹಿಂದೆ ನಿಜಾಮರ ರಾಜ್ಯದಲ್ಲಿದ್ದ ಬೀದರ್, ಕಲಬುರಗಿ, ರಾಯಚೂರು ಕಡೆಯ ಹಳೆಯ ಕಂದಾಯ ದಾಖಲೆಗಳು ಉರ್ದುವಿನಲ್ಲಿಯೇ ಇವೆ. ಎರಡೂ ಭಾಷೆ ಓದಬಲ್ಲವರಿಗೆ ಅಲ್ಲಿ ಇಂದಿಗೂ ಬೇಡಿಕೆ ಉಂಟು. ನಮ್ಮ ಮಕ್ಕಳಿಗೆ ಕೊರತೆ ಇರುವುದು ಲಿಪಿಯದು. ಪರೀಕ್ಷೆಗೆ ಬೇಕಾದಷ್ಟು ಕನ್ನಡ ಕಲಿತು ಬಿಡುತ್ತಾರೆ, ಕ್ರಯಪತ್ರ ಓದುವಷ್ಟು ಕಲಿಯುವುದಿಲ್ಲ. ಇದರಲ್ಲಿ ನಮ್ಮಂಥ ಶಿಕ್ಷಕರ ಪಾಲೂ ಇದೆ ಎಂದು ಒಪ್ಪಿಕೊಳ್ಳುತ್ತೇನೆ.

ಈಗ ಕೆಲಸದ ಮಾತಿಗೆ ಬರೋಣ. ಪಹಣಿಯಲ್ಲಿ 9ನೇ ಕಾಲಂ ಕಬ್ಜೆದಾರರ ಹೆಸರು, 10ನೆಯದು ಅವರಿಗೆ ಜಮೀನು ಹೇಗೆ ಬಂತು ಎಂಬುದು, 11ನೆಯದು ಇತರೆ ಹಕ್ಕುಗಳು ಮತ್ತು ಋಣಗಳು. ಹೆಚ್ಚಿನವರು 9ನ್ನು ನೋಡಿ ಮಡಚಿಡುತ್ತಾರೆ. ಸಾಲ, ಕೋರ್ಟಿನ ತಡೆ, ಪರಭಾರೆ ನಿಷೇಧ ಇವೆಲ್ಲ ಮುಂದಿನ ಕಾಲಂಗಳಲ್ಲಿ ಇರುತ್ತವೆ. ನಂತರ ಋಣಭಾರ ಪತ್ರ, ಅಂದರೆ ಇಸಿ. 2023ರಲ್ಲಿ ಬಂದ ಕಾವೇರಿ 2.0 ವ್ಯವಸ್ಥೆಯಿಂದ ಇದನ್ನು ಮನೆಯಲ್ಲಿಯೇ ತೆಗೆಯಬಹುದು. ದಿಶಾಂಕ್ ಆ್ಯಪ್ ಹಿಡಿದು ಜಾಗದಲ್ಲಿ ನಿಂತರೆ ಸರ್ವೆ ನಂಬರು ತಿಳಿಯುತ್ತದೆ. ಕೆರೆಯೋ ಖರಾಬೋ ಎಂಬ ಸುಳಿವು ಅಲ್ಲಿಯೇ ಸಿಗುತ್ತದೆ. ಆಮೇಲೆ ಭೂ ಪರಿವರ್ತನೆಯ ಆದೇಶ, ಬಡಾವಣೆಗೆ ಅನುಮೋದನೆ; ನಮ್ಮಲ್ಲಾದರೆ ದೂಡಾದ್ದು. ಚೆಕ್ಕುಬಂದಿಯನ್ನು ಕಾಗದದಲ್ಲಿ ಓದಿ ನೆಲದಲ್ಲಿ ನಡೆದು ನೋಡಬೇಕು. ಜಿಪಿಎ, ಕರಾರಿನ ಮೇಲೆ ನಡೆದ ಮಾರಾಟದಿಂದ ಮಾಲೀಕತ್ವ ಬರುವುದಿಲ್ಲವೆಂದು ಸುಪ್ರೀಂ ಕೋರ್ಟು 2011ರಲ್ಲಿ ಖಚಿತವಾಗಿ ಹೇಳಿದೆ. ನೋಂದಣಿಯಾದ ಕ್ರಯಪತ್ರವೇ ಬೇಕು.

ವಂಶವೃಕ್ಷದ ಬಗ್ಗೆ ಒಂದು ಮಾತು. ಮಾರುವ ಅಣ್ಣತಮ್ಮಂದಿರು ಚಹಾ ಕುಡಿಸಿ ಸಹಿ ಮಾಡುತ್ತಾರೆ. ಅಕ್ಕತಂಗಿಯರ ಹೆಸರನ್ನೇ ಎತ್ತುವುದಿಲ್ಲ. ನಮ್ಮ ಕಾನೂನಿನಲ್ಲಿ ಹೆಣ್ಣುಮಕ್ಕಳಿಗೆ ಪಾಲು ನಿಶ್ಚಿತ. ಹಿಂದೂ ಕುಟುಂಬಗಳಲ್ಲಿ 2005ರ ತಿದ್ದುಪಡಿಯಿಂದ ಮಗಳಿಗೂ ಮಗನಷ್ಟೇ ಹಕ್ಕು. ಅವರ ಸಹಿ ಇಲ್ಲದ ಪತ್ರ ಇಂದಲ್ಲ ನಾಳೆ ದಾವೆಯಾಗುತ್ತದೆ. "ಸೋದರಿಯರು ಎಲ್ಲಿದ್ದಾರೆ?" ಎಂದು ಕೇಳುವ ದಲ್ಲಾಳಿಯ ಒಂದು ವ್ಯಾಪಾರ ಮುರಿಯಬಹುದು. ಮುರಿಯಲಿ.

ನಮ್ಮ ಜನ ಹೆಚ್ಚಾಗಿ ಏಕೆ ಇಂಥ ಗುಂಡಿಗೆ ಬೀಳುತ್ತಾರೆ ಎಂದು ನಾನು ಯೋಚಿಸಿದ್ದೇನೆ. ಒಂದು, ಬೇರೆ ಬಡಾವಣೆಗಳಲ್ಲಿ ಬಾಡಿಗೆಗೆ ಹೋದರೆ ಹೆಸರು ಕೇಳಿದ ಮೇಲೆ "ಮನೆ ಈಗಾಗಲೇ ಆಗಿಹೋಯಿತು" ಎನ್ನುವವರು ಇದ್ದಾರೆ. ನನಗೇ ಅನುಭವವಾಗಿದೆ. (ನಮ್ಮ ಮನೆ ಮಾಲೀಕರೂ ಕೆಲವರನ್ನು ಹಾಗೆಯೇ ಸಾಗಹಾಕುತ್ತಾರೆ, ಅದನ್ನೂ ಹೇಳಿಬಿಡುತ್ತೇನೆ.) ಹೀಗಾಗಿ ಎಲ್ಲರೂ ಅವವೇ ಗಲ್ಲಿಗಳಲ್ಲಿ ಒತ್ತಾಗುತ್ತಾರೆ, ಅಲ್ಲಿ ಬೆಲೆ ಏರುತ್ತದೆ, ಬಡವ ಊರಾಚೆಯ ಅನುಮೋದನೆ ಇಲ್ಲದ ಅಗ್ಗದ ಸೈಟಿಗೆ ಹೋಗುತ್ತಾನೆ. ಎರಡನೆಯದನ್ನು ಯಾರೂ ಗಮನಿಸುವುದಿಲ್ಲ. ಬ್ಯಾಂಕಿನಲ್ಲಿ ಗೃಹಸಾಲ ಕೇಳಿದರೆ ಅವರ ವಕೀಲರು ಸಾಮಾನ್ಯವಾಗಿ 30 ವರ್ಷಗಳ ಕಾಗದ ತರಿಸಿ ನೋಡುತ್ತಾರೆ. ದೋಷವಿದ್ದರೆ ಸಾಲವೇ ಸಿಗುವುದಿಲ್ಲ. ಬಡ್ಡಿ ಬೇಡವೆಂದು ಕೈಗಾಸಿನಲ್ಲಿ ಕೊಳ್ಳುವ ನಮ್ಮವರಿಗೆ ಆ ತಪಾಸಣೆ ಇಲ್ಲ. ಬಡ್ಡಿ ಬೇಡ ಎನ್ನುವುದು ಅವರವರ ಈಮಾನಿನ ವಿಷಯ, ನಾನು ಆಡಿಕೊಳ್ಳುವುದಿಲ್ಲ. ಆದರೆ ಹಾಗಿದ್ದವರು ಕೈಯಿಂದ ಫೀಸು ಕೊಟ್ಟಾದರೂ ವಕೀಲರಿಗೆ ಕಾಗದ ತೋರಿಸಲೇಬೇಕು. ವ್ಯವಹಾರವನ್ನು ಬರೆದಿಡುವ, ಸಾಕ್ಷಿ ಹಾಕಿಸುವ ವಿಷಯ ಸೂರ ಬಕರದ 282ನೇ ಆಯತ್‌ನಲ್ಲಿ ಎಷ್ಟು ವಿವರವಾಗಿದೆ ಎಂದು ತಮಗೆ ನಾನು ಹೇಳಬೇಕಾಗಿಲ್ಲ. ಇನ್ನು, ಆಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕೂ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆಯುವುದು 2015ರಿಂದ ಆದಾಯ ತೆರಿಗೆ ಕಾನೂನಿನ ಪ್ರಕಾರ ತಪ್ಪು. ಚೆಕ್ಕಿನಲ್ಲಿ ಕೊಟ್ಟರೆ ಕೊಟ್ಟದ್ದಕ್ಕೆ ಪುರಾವೆ ಉಳಿಯುತ್ತದೆ.

ಇದನ್ನೇ ವೃತ್ತಿಯಾಗಿ ಮಾಡುವವರಿಗೆ ರೇರಾ ಕಾಯ್ದೆಯ ಪರಿಚಯ ಇರಲೇಬೇಕು. 2016ರ ಈ ಕಾಯ್ದೆ 2017ರ ಮೇ 1ರಿಂದ ಪೂರ್ಣವಾಗಿ ಜಾರಿಯಾಯಿತು. ಜಾಗ 500 ಚದರ ಮೀಟರನ್ನು ಮೀರದ ಅಥವಾ ಫ್ಲ್ಯಾಟುಗಳು ಎಂಟನ್ನು ಮೀರದ ಯೋಜನೆಗಳನ್ನು ಬಿಟ್ಟು ಉಳಿದವು ನೋಂದಣಿಯಾಗಬೇಕು. ಕೊಂಡವರಿಂದ ಪಡೆದ ಹಣದ ಶೇ. 70 ಪ್ರತ್ಯೇಕ ಖಾತೆಯಲ್ಲಿರಬೇಕು. ನೋಂದಾಯಿತ ಕರಾರಿಲ್ಲದೆ ಬೆಲೆಯ ಶೇ. 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಇಂಥ ಯೋಜನೆಯ ಸೈಟು ಮಾರಿಸುವ ಏಜೆಂಟನೂ ನೋಂದಣಿ ಮಾಡಿಸಬೇಕು. ತಪ್ಪಿದರೆ ದಿನಕ್ಕೆ 10 ಸಾವಿರ ರೂಪಾಯಿ ದಂಡ, ಮಾರಿಸಿದ ಆಸ್ತಿಯ ಬೆಲೆಯ ಶೇ. 5ರವರೆಗೆ. ಲೆಕ್ಕ ಇಡಬೇಕು, ಸುಳ್ಳು ಜಾಹೀರಾತು ಕೊಡಬಾರದು. ಹಳೆಯ ಮನೆಯ ಮರುಮಾರಾಟ, ಬಾಡಿಗೆಗೆ ಇದು ಅನ್ವಯಿಸುವುದಿಲ್ಲ. ಅಲ್ಲಿ ನಿಮ್ಮ ಹೆಸರೇ ನಿಮ್ಮ ನೋಂದಣಿ.

ಸಂಪಾದನೆ? ರೂಢಿಯಂತೆ ಮಾರಾಟಕ್ಕೆ ಶೇ. 1 ಅಥವಾ 2, ಬಾಡಿಗೆಗೆ ಒಂದು ತಿಂಗಳ ಬಾಡಿಗೆ. ಒಂದು ತಿಂಗಳು ಒಂದು ಲಕ್ಷ ಬಂದರೆ ಮುಂದಿನ ಆರು ತಿಂಗಳು ಪೆಟ್ರೋಲಿಗೂ ಗತಿ ಇರುವುದಿಲ್ಲ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 1ರಿಂದ 2ಕ್ಕೆ ಏರಿದಾಗ ಎಷ್ಟೋ ಪಾರ್ಟಿಗಳು ಹಿಂದೆ ಸರಿದವು ಎಂದು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೇಳಿದ. ಅವನು ಬಿ.ಕಾಂ. ಮಾಡಿ ಈ ಕೆಲಸಕ್ಕೆ ಇಳಿದವನು. ಮೊದಲ ವರ್ಷ ಅವನು ವ್ಯಾಪಾರ ಮಾಡಲಿಲ್ಲ, ಪತ್ರ ಬರಹಗಾರರೊಬ್ಬರ ಬಳಿ ಕುಳಿತು ಪತ್ರ ಓದಿದ. ಈಗ ಲಿಂಗಾಯತರು, ಮಾರ್ವಾಡಿಗಳು, ನಮ್ಮವರು ಎಲ್ಲರೂ ಅವನನ್ನು ಹುಡುಕಿಕೊಂಡು ಬರುತ್ತಾರೆ. ಕಳೆದ ವರ್ಷ ಒಂದು ಸೈಟಿನ ಕಾಗದ ನೋಡಿ "ಇದನ್ನು ಕೊಳ್ಳಬೇಡಿ" ಎಂದು ಹೇಳಿ ಬಂದ ಕಮಿಷನ್ನನ್ನು ಕಳೆದುಕೊಂಡ. ಅದೇ ಪಾರ್ಟಿ ಎರಡು ತಿಂಗಳ ಮೇಲೆ ಅವನ ಮೂಲಕವೇ ಬೇರೆ ಮನೆ ಕೊಂಡಿತು.

ಕೊನೆಯದಾಗಿ ಒಂದು ಪ್ರಕಟಣೆ. ಸಂಸ್ಥೆಯ ಒಪ್ಪಿಗೆ ಪಡೆದು, ಮುಂದಿನ ತಿಂಗಳಿನಿಂದ ಎರಡನೇ ಭಾನುವಾರ ಬೆಳಿಗ್ಗೆ ಎರಡು ಗಂಟೆ ನಮ್ಮ ಶಾಲೆಯಲ್ಲಿ ಪತ್ರ ಓದುವ ತರಗತಿ ನಡೆಸಲಿದ್ದೇನೆ. ನಾನು ಭಾಷೆ ಹೇಳಿಕೊಡುತ್ತೇನೆ, ಕಾನೂನಿನ ಪ್ರಶ್ನೆಗಳಿಗೆ ವಕೀಲರೊಬ್ಬರು ಬರುತ್ತಾರೆ. ಹತ್ತನೇ ತರಗತಿ ದಾಟಿದ ಹುಡುಗರು, ಹುಡುಗಿಯರು, ತಾಯಂದಿರು ಯಾರು ಬೇಕಾದರೂ ಬರಬಹುದು. ಮನೆಯ ಕಾಗದದ ಜೆರಾಕ್ಸ್ ತನ್ನಿ, ಅಸಲು ತರಬೇಡಿ. ಮೊದಲ ದಿನದ ಪಾಠಕ್ಕೆ ಅಬ್ಬಾ ತಮ್ಮ 1999ರ ಪಹಣಿಯನ್ನು ಕೊಡುವುದಾಗಿ ಹೇಳಿದ್ದಾರೆ. ಅದು ಈಗಲೂ ಅಕ್ಕಿ ಡಬ್ಬಿಯ ಹಿಂದೆಯೇ ಇದೆ.